ನಾರುಹುಣ್ಣು ಹೋದ ದಾರಿ



ವಿಜಯಪುರ ಜಿಲ್ಲೆಯ ಹಲಸಂಗಿ ಎಂದ ಕೂಡಲೇ ಓದುವವರಿಗೆ ಸಾಹಿತಿಗಳಾದ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ನೆನಪಾಗುತ್ತಾರೆ. ಇವರ ಬಳಗವಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡು ಪುಸ್ತಕವಾಯಿತು. ಅದೇ ಹೆಣ್ಣುಮಕ್ಕಳು ಬೀಸುವುದು ಮುಗಿಸಿ, ಕೊಡ ಹೊತ್ತು ನೀರಿಗೆ ಹೋಗುತ್ತಿದ್ದರು. ಇವತ್ತಿನ ಮಾತು ಆ ನೀರಿನದು.

ನಮ್ಮ ಸೀಮೆಯಲ್ಲಿ ಪಾವಟಿಗೆ ಬಾವಿಗಳು, ಅಂದರೆ ಮೆಟ್ಟಿಲು ಬಾವಿಗಳು, ಹಳೆಯ ಕಾಲದಿಂದ ಇದ್ದವು. ಹಗ್ಗ ಬೇಡ, ಗಡಗಡಿ ಬೇಡ, ಇಳಿದುಹೋಗಿ ಕೊಡ ಅದ್ದಿದರಾಯಿತು. ವಿಜಯಪುರದ ತಾಜ್ ಬಾವಡಿಯಂಥ ಭವ್ಯವಾದವು ರಾಜರವು, ಸಣ್ಣಪುಟ್ಟವು ಹಳ್ಳಿಯವು. ಹಳ್ಳಿಯ ಆ ಮೆಟ್ಟಿಲುಗಳ ಮೇಲೆ ಜನರ ಜೊತೆಗೆ ಒಂದು ರೋಗವೂ ಇಳಿಯುತ್ತಿತ್ತು. ಅದೇ ನಾರುಹುಣ್ಣು. ಇಂದಿನ ಹುಡುಗರು ಅದರ ಹೆಸರೂ ಕೇಳಿರಲಿಕ್ಕಿಲ್ಲ. ಒಳ್ಳೆಯದೇ ಆಯಿತು.

ಅದು ಬರುತ್ತಿದ್ದ ರೀತಿ ಹೀಗೆ. ಕಾಲಲ್ಲಿ ಒಂದು ಬೊಬ್ಬೆ ಏಳುತ್ತದೆ, ಬೆಂಕಿಯಂತೆ ಉರಿಯುತ್ತದೆ. ಉರಿಯುವ ಕಾಲನ್ನು ತಣ್ಣೀರಲ್ಲಿ ಇಟ್ಟರೆ ಹಾಯೆನಿಸುತ್ತದೆ. ಬೊಬ್ಬೆಯೊಳಗಿನ ಹುಳ ಕಾಯುತ್ತಿದ್ದದ್ದು ಅದಕ್ಕೇ. ಕಾಲು ನೀರಿಗೆ ತಾಗಿದ್ದೇ ತಡ, ಅದು ಸಾವಿರ ಸಾವಿರ ಮರಿ ಬಿಡುತ್ತದೆ. ಅವನ್ನು ಕಣ್ಣಿಗೆ ಕಂಡೂ ಕಾಣದ ಒಂದು ನೀರ್ಜೀವಿ ನುಂಗುತ್ತದೆ, ಆ ಜೀವಿಯನ್ನು ನೀರಿನೊಂದಿಗೆ ನಾವು ನುಂಗುತ್ತೇವೆ. ಸುಮಾರು ಒಂದು ವರ್ಷ ಏನೂ ಇಲ್ಲ. ಆಮೇಲೆ ನುಂಗಿದವರ ಕಾಲಿನಿಂದ ಮೊಳಕ್ಕೂ ಉದ್ದದ ದಾರದಂಥ ಹುಳ ಹೊರಬರತೊಡಗುತ್ತದೆ. ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಮುಂಗಾರಿನ ಬಿತ್ತನೆ ಹೊತ್ತಿಗೆ ಮನೆಯ ದುಡಿಯುವ ಆಳು ಹಾಸಿಗೆ ಹಿಡಿದರೆ ಆ ವರ್ಷದ ಗತಿ ಏನು, ಒಕ್ಕಲುತನ ಬಲ್ಲವರಿಗೆ ಹೇಳಬೇಕಿಲ್ಲ.

ಈ ರೋಗಕ್ಕೆ ಲಸಿಕೆ ಬರಲಿಲ್ಲ, ಗುಣಪಡಿಸುವ ಮಾತ್ರೆಯೂ ಬರಲಿಲ್ಲ. ಆದರೂ 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಅದು ಹೋಯಿತು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಮಾಡಿದ್ದೇನು? ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದರು, ಕೊಳವೆಬಾವಿ ಕೊರೆದರು, ನೀರಿಗೆ ಔಷಧಿ ಹಾಕಿದರು. ಹೆಂಗಸರು ಅರಿವಿ ಮಡಿಚಿ ಕೊಡದ ಬಾಯಿಗೆ ಕಟ್ಟಿ ಸೋಸಿದರು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮತ್ತೊಂದು: ಉರಿಯುವ ಕಾಲಿನವರು ನೀರಿಗೆ ಇಳಿಯದೆ ಉಳಿದದ್ದು. ಹಾಯೆನಿಸುವ ತಂಪು ಕಣ್ಣೆದುರಿಗೇ ಇದೆ. ಅದನ್ನು ಬಿಡಬೇಕಾದದ್ದು ಮುಂದಿನ ವರ್ಷ ಯಾರಿಗೆ ಬರುತ್ತಿತ್ತೋ ಗೊತ್ತಿಲ್ಲದ ರೋಗಕ್ಕಾಗಿ. ಅವರನ್ನು ಬರೀ ‘ಇಳೀಬ್ಯಾಡ್ರಿ’ ಎಂದು ತಡೆದರೆ ಸಾಲದು, ಅವರ ಮನೆಗೆ ಬೇಕಾದ ನೀರನ್ನು ಇನ್ನೊಬ್ಬರು ಸೇದಿಕೊಡಬೇಕಾಗಿತ್ತು. ನೀರಿನ ನೀತಿಗೆ ತಡೆಯುವ ಕೈ, ಸೇದಿಕೊಡುವ ಕೈ, ಎರಡೂ ಬೇಕು.

ಈಗ ಬಾವಿ ಹೋಗಿ ನಲ್ಲಿ ಬಂದಿದೆ. ಆದರೆ ನಲ್ಲಿಯೂ ಒಂದು ಬಾವಿಯೇ, ಉದ್ದಕ್ಕೆ ಮಲಗಿಸಿದ ಬಾವಿ. ಒಬ್ಬರು ಅದ್ದಿದ ಕಾಲು ಎಲ್ಲರಿಗೂ ತಾಗುತ್ತದೆ. ನಮ್ಮ ಊರುಗಳಿಗೆ ನೀರು ದಿನವಿಡೀ ಬರುವುದಿಲ್ಲ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಒಂದಿಷ್ಟು ಹೊತ್ತು ಬಂದು ನಿಲ್ಲುತ್ತದೆ. ನಿಂತಾಗ ಪೈಪು ಖಾಲಿ. ಗಟಾರದಲ್ಲೇ ಹಾದುಹೋದ ಪೈಪಿಗೆ ಎಲ್ಲೋ ಬಿರುಕಿದ್ದರೆ ಹೊಲಸು ಒಳಗೆ ಇಳಿಯುತ್ತದೆ. ನೀರು ಬಿಟ್ಟ ಹೊತ್ತಿಗೆ ಯಾರೋ ನಲ್ಲಿಗೇ ಮೋಟಾರು ಹಚ್ಚಿದರೆ ಕೇಳುವುದೇ ಬೇಡ, ಅದು ನೀರಿನ ಜೊತೆಗೆ ಗಟಾರವನ್ನೂ ಎಳೆಯುತ್ತದೆ. ಆ ಮನೆಯ ಟಾಕಿ ತುಂಬುತ್ತದೆ. ಓಣಿಯ ಕೊನೆಯ ಮನೆಗೆ ನೀರು ಹನಿಯಾಗಿ, ಅದೂ ಹೊಲಸಾಗಿ ತಲುಪುತ್ತದೆ. ಹೊಲಸು ನೀರು ಏನು ಮಾಡಬಲ್ಲದೆಂದು ಕಂಡಿದ್ದೇವೆ: 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತೇ ಹೋದರು.

ಮೋಟಾರು ಹಚ್ಚುವವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಎತ್ತರದ ಮನೆಗೆ ನೀರು ಏರದಿದ್ದರೆ ಅವರಾದರೂ ಏನು ಮಾಡಬೇಕು? ಅವರ ಕಾಲೂ ಉರಿಯುತ್ತಿದೆ. ಅವರ ಪಾಳಿಗೆ ಬೇರೆ ಹೊತ್ತು ಗೊತ್ತುಮಾಡುವುದು ಪಂಚಾಯಿತಿಯ ಕೆಲಸ. ಅದನ್ನು ಕೇಳುವುದು ನಮ್ಮ ಕೆಲಸ. ಅನುಕೂಲಸ್ಥರು ಶುದ್ಧ ನೀರಿನ ಘಟಕದಿಂದ ಕ್ಯಾನು ತರಿಸಿಕೊಂಡು ನಲ್ಲಿಯ ನೀರಿನ ಚಿಂತೆಯನ್ನೇ ಬಿಟ್ಟಿದ್ದಾರೆ. ಇದು ನನ್ನನ್ನು ಹೆಚ್ಚು ಕಾಡುತ್ತದೆ. ಊರಲ್ಲಿ ಮಾತು ನಡೆಯುವವರು ಕುಡಿಯದ ನೀರನ್ನು ಶುದ್ಧವಾಗಿಡುವವರು ಯಾರು?

ಮನೆಮನೆಗೆ ನಲ್ಲಿ ಕೊಡುವ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ, ಅದಕ್ಕೆ ಕಿಟ್ ಕೂಡ ಇದೆ. ಸೂಕ್ಷ್ಮಾಣು ನೋಡುವ ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟರಾಯಿತು. ಕಪ್ಪಾದರೆ ಆ ನೀರಿಗೆ ಹೊಲಸು ಸೇರಿದೆ ಎಂದು ಅರ್ಥ. ಈ ವಾರ ಪಂಚಾಯಿತಿ ಕಡೆ ಹೋದಾಗ ಕೇಳಿ ನೋಡಿ: ನಮ್ಮೂರಿನ ಆ ಐವರು ಯಾರು, ಕಿಟ್ಟಿನ ಡಬ್ಬಿ ತೆರೆದು ಎಷ್ಟು ದಿನವಾಯಿತು, ಪರೀಕ್ಷೆಗೆ ನೀರು ಹಿಡಿದದ್ದು ಟಾಕಿಯ ಬುಡದಲ್ಲೋ, ಕಟ್ಟಕಡೆಯ ಓಣಿಯ ನಲ್ಲಿಯಲ್ಲೋ? ಟಾಕಿಯ ಬುಡದಲ್ಲಿ ಎಂದರೆ, ಇನ್ನೊಂದು ಬಾಟಲಿ ಕೇಳಿ ತೆಗೆದುಕೊಂಡು ಆ ಓಣಿಗೆ ಹೋಗಿ.