ತೆರೆದ ಕಣಜದ ಲೆಕ್ಕ

(ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಬರಗಾಲದಲ್ಲಿ ಬಾದಶಹನ ಕಣಜವನ್ನು ಹಸಿದವರಿಗಾಗಿ ತೆರೆದ ದಾಮಾಜಿಪಂತರ ಊರಿನವರು ನಾವು. ಹಂಚಿದ ಕಾಳಿನ ಬೆಲೆಯನ್ನು ಸಾಕ್ಷಾತ್ ವಿಠ್ಠಲನೇ ಬೀದರಕ್ಕೆ ಹೋಗಿ ಸಲ್ಲಿಸಿದನೆಂದು ಸಂತರ ಕಥೆ ಹೇಳುತ್ತದೆ. ತೆರೆದ ಕಣಜದ ಲೆಕ್ಕವನ್ನು ಯಾರಾದರೂ ತೀರಿಸಲೇಬೇಕೆಂಬುದನ್ನು ಆ ಕಥೆಯೂ ಮರೆತಿಲ್ಲ.

ಇಂದು ಅಂಥದೇ ಮತ್ತೊಂದು ಕಣಜವುಂಟು. ಗಣಕಯಂತ್ರವನ್ನು ನಡೆಸುವ ಆದೇಶಗಳ ಬರಹಕ್ಕೆ ತಂತ್ರಾಂಶವೆನ್ನುವರು. ಬರೆದವರು ಅದನ್ನು ಬಚ್ಚಿಡದೆ, ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಬಿಟ್ಟುಕೊಟ್ಟರೆ ಅದು ಮುಕ್ತ ತಂತ್ರಾಂಶ. ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ ‘ಕ್ಷೇತ್ರ’ ಎಂದು ಬರೆದಾಗ ಒತ್ತಕ್ಷರವನ್ನು ತಕ್ಕ ಸ್ಥಾನದಲ್ಲಿ ಕೂಡಿಸುವುದು ಹಾರ್ಫ್‌ಬಜ್ ಎಂಬ ಅಂಥ ತಂತ್ರಾಂಶವೇ. ಅದರ ಮುಖ್ಯ ಶಿಲ್ಪಿಯಾದ ಬೆಹದಾದ್ ಎಸ್ಫಹಬೋದ್ ಅವರು ಇರಾಣ ಮೂಲದವರು, ಕನ್ನಡಿಗರಲ್ಲ. ರೆಡ್ ಹ್ಯಾಟ್, ಗೂಗಲ್ ಕಂಪನಿಗಳು ವರ್ಷಗಟ್ಟಲೆ ಅವರಿಗೆ ಸಂಬಳ ಕೊಟ್ಟು ಈ ಕೆಲಸ ಮಾಡಗೊಟ್ಟದ್ದರಿಂದ ನಮ್ಮ ಅಕ್ಷರಗಳು ನೆಟ್ಟಗೆ ಕುಳಿತಿವೆ.

ಎಲ್ಲೆಡೆಯೂ ಹೀಗಾಗಲಿಲ್ಲ. ಅಂತರಜಾಲದಲ್ಲಿ ಗುಪ್ತಮಾತುಗಳನ್ನು ಕಾಯುವ ಬೀಗದಂತಹ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಜಗತ್ತಿನ ಶ್ರೀಮಂತ ಕಂಪನಿಗಳೆಲ್ಲ ಬಳಸುತ್ತಿದ್ದವು. ಆದರೆ ಅದನ್ನು ನೋಡಿಕೊಳ್ಳುವ ಸಂಸ್ಥೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು! 2014ರ ಏಪ್ರಿಲಿನಲ್ಲಿ ಆ ಬೀಗದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷ ಬಯಲಾಯಿತು. ಅದೇ ತಿಂಗಳು ಗೂಗಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಕಂಪನಿಗಳು ಮೂರು ವರ್ಷ, ವರ್ಷಕ್ಕೆ ಕನಿಷ್ಠ ಒಂದು ಲಕ್ಷ ಡಾಲರಿನಂತೆ ಕೊಡಲೊಪ್ಪಿದವು. ಕನ್ನ ಬಿದ್ದ ಮೇಲೆ ಅಗುಳಿ ಹಾಕಿದಂತಾಯಿತು.

ಹೊಸ ಕೋಣೆ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸುವ ದಾನಿಗಳು ದೊರೆಯುತ್ತಾರೆ, ಸೋರುವ ಮಾಳಿಗೆಯ ದುರಸ್ತಿಗೆ ಕೊಡುವವರು ವಿರಳ. ಶಾಲೆ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತ್ರಾಂಶದ ಪಾಡೂ ಅದೇ. ಅದರ ಹೆಚ್ಚಿನ ದುಡಿಮೆ ಕಣ್ಣಿಗೆ ಬೀಳದ ದುರಸ್ತಿಯೇ.

ಬೆಂಗಳೂರಿನ ಜೆರೋಧಾ ಕಂಪನಿಯು ತನ್ನ ವ್ಯಾಪಾರ ನಿಂತಿರುವುದೇ ಇಂಥ ತಂತ್ರಾಂಶಗಳ ಮೇಲೆಂದು ಒಪ್ಪಿಕೊಂಡು, 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ನಿಧಿಯನ್ನು ಸಾರಿತು. ಒಂದೊಂದು ಕಾರ್ಯಕ್ಕೆ 10,000ದಿಂದ ಒಂದು ಲಕ್ಷ ಡಾಲರಿನವರೆಗೆ ನೆರವು. ಇದನ್ನು ದಾನವೆನ್ನಲು ನಮ್ಮ ಮನಸ್ಸೊಪ್ಪದು. ಬಿಜ್ಜಳನ ಕರಣಿಕರಾಗಿ ಇದೇ ಊರಿನಲ್ಲಿ ಲೆಕ್ಕ ಬರೆದ ಬಸವಣ್ಣನವರು ಇದನ್ನು ದಾಸೋಹದ ಬಾಬಿಗೆ ಹಾಕುತ್ತಿದ್ದರೇನೋ.

ನಮ್ಮ ಶಾಲೆಗಳಲ್ಲಿ ಕಲಿತ ಹಲವರು ಇಂದು ಪುಣೆ, ಬೆಂಗಳೂರುಗಳ ಕಂಪನಿಗಳಲ್ಲಿದ್ದಾರೆ. ಪಾಲಕರೇ, ನಿಮ್ಮ ಮಕ್ಕಳು ದೀಪಾವಳಿಗೆ ಊರಿಗೆ ಬಂದಾಗ ಒಂದು ಮಾತು ಕೇಳಿರಿ: ನಿನ್ನ ಕಂಪನಿ ಪುಕ್ಕಟೆಯಾಗಿ ಬಳಸುವ ತಂತ್ರಾಂಶಗಳಾವುವು, ಅವನ್ನು ಕಾಯುವವರಿಗೆ ಅದು ಕೊಡುವುದೆಷ್ಟು? ಅವರಿಗೆ ತಿಳಿಯದಿದ್ದರೆ, ತಿರುಗಿ ಹೋದ ಮೇಲೆ ತಮ್ಮ ಸಾಹೇಬರನ್ನು ಕೇಳಲಿ.