ಅಚೌರ್ಯವ್ರತ ಮತ್ತು ತಕ್ಕಡಿ

ಹಸಿದವನು ಒಂದು ಹೊತ್ತಿನ ಅನ್ನಕ್ಕಾಗಿ ಕದ್ದಾನು; ಎರಡು ಲೆಕ್ಕದ ಪುಸ್ತಕಗಳನ್ನಿಡುವವನು ಹಸಿದವನಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಕನ್ನ ಕೊರೆಯುವ ಮಾತೇ ಇಲ್ಲ. ಕಳವಿಗೆ ಪ್ರೇರಣೆ, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ-ತೂಕದಲ್ಲಿ ಹೆಚ್ಚು-ಕಡಿಮೆ, ಕಲಬೆರಕೆ: ಎಲ್ಲವೂ ಅಂಗಡಿಯಲ್ಲಿ ಕುಳಿತೇ ಆಗುವಂಥವು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ನಾಡಾದ ಸಿಂಧನೂರಿನಲ್ಲಿ ಇದನ್ನು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೇವದ ನೆಪದಲ್ಲಿ ಚೀಲಕ್ಕೆ ಒಂದು ಕಿಲೋ ಮುರಿದುಕೊಂಡವನು ತನ್ನನ್ನು ಕಳ್ಳನೆಂದು ಎಣಿಸುವುದಿಲ್ಲ. "ಎಲ್ಲರೂ ಮುರಿಯುತ್ತಾರೆ" ಎನ್ನುತ್ತಾನೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳದವನಿಗೆ ಆ ಒಂದು ಮಾತೇ ಸಾಕು. ಈ ಪ್ರತಿಷ್ಠೆಗೆ ಕೂಡಿದ ಕಾಣಿಕೆಯಲ್ಲಿ ಅಂಥ ಕಿಲೋಗಳಿವೆಯೋ ಎಂಬುದನ್ನು ಕೊಟ್ಟವರೇ ಬಲ್ಲರು. ಇದ್ದಲ್ಲಿ, ಅಭಿಷೇಕಕ್ಕೆ ಬರುವ ಮುನ್ನ ಆ ರೈತನ ಮನೆಗೆ ಹೋಗಿಬರಬೇಕೆಂದು ನನ್ನ ಬಿನ್ನಹ.