ಹಾಜರಿಯಲ್ಲಿ ಹೆಸರಿದ್ದರೆ ಕಷ್ಟಕ್ಕೆ ಆಸರೆ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರ, ಬಿತ್ತನೆ ಬೀಜದ ವಿಚಾರವನ್ನು ನಮಗಿಂತ ಬಲ್ಲವರು ಈಗಾಗಲೇ ಹೇಳಿದ್ದಾರೆ. ನಾವು ಬೇರೊಂದು ವಿಚಾರ ನಿಮ್ಮ ಮುಂದಿಡುತ್ತೇವೆ. ನಮ್ಮ ಸದಸ್ಯರಲ್ಲಿ ಬಹಳ ಮಂದಿ ಸಣ್ಣ ಹಿಡುವಳಿದಾರರು. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇಲ್ಲದಾಗ ಸರ್ಕಾರದ ಉದ್ಯೋಗ ಯೋಜನೆಯ ಕೂಲಿಗೆ ಹೋಗುವವರು. ಕೆರೆ ಹೂಳೆತ್ತುವಾಗ, ಬದು ಹಾಕುವಾಗ, ಕೃಷಿ ಹೊಂಡ ತೋಡುವಾಗ ಆಗಬಾರದ್ದು ಆಗಿಹೋದರೆ ಆ ಮನೆಗೆ ಯಾರು ದಿಕ್ಕು? ಇದೇ ಇವತ್ತಿನ ಮಾತು.

ಕಾರ್ಖಾನೆಯಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲೇ ಬಂತು. ಹಳ್ಳಿಯ ಕೂಲಿಕಾರರಿಗೆ 2005ರ ಉದ್ಯೋಗ ಖಾತ್ರಿ ಕಾಯ್ದೆ ಅದೇ ತತ್ವವನ್ನು ಬರೆದು ಕೊಟ್ಟಿತು. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದ ಈ ಯೋಜನೆ 2008ರ ಏಪ್ರಿಲ್ ಹೊತ್ತಿಗೆ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಬಂತು. ನೂರು ದಿನದ ಕೆಲಸದ ಮಾತು ಎಲ್ಲರಿಗೂ ಗೊತ್ತು. ಅದರ ಎರಡನೇ ಅನುಸೂಚಿಯಲ್ಲಿ ಏನಿತ್ತು ಅಂತ ಕೇಳಿದರೆ ಹೇಳುವವರು ಕಡಿಮೆ.

ಅದರಲ್ಲಿದ್ದದ್ದು ಇಷ್ಟು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೂ ವಿಶ್ರಾಂತಿಗೂ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಆರು ವರ್ಷದೊಳಗಿನ ಐದು ಮಕ್ಕಳು ಬಂದಿದ್ದರೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ, ಆಕೆಗೂ ಕೂಲಿ ಕೊಡಬೇಕು. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆ ಉಚಿತ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಔಷಧಿ, ವಸತಿ ಸರ್ಕಾರದ್ದು. ಅದರ ಮೇಲೆ ದಿನಕ್ಕೆ ಅರ್ಧ ಕೂಲಿಗೆ ಕಡಿಮೆ ಇಲ್ಲದಷ್ಟು ಭತ್ಯೆ. ಜೀವ ಹೋದರೆ, ಶಾಶ್ವತವಾಗಿ ಅಂಗ ಊನವಾದರೆ ಪರಿಹಾರ; ಮೂಲ ಕಾಯ್ದೆಯಲ್ಲಿ ಅದು 25 ಸಾವಿರ ರೂಪಾಯಿ. ತಾಯಿಯ ಜೊತೆ ಬಂದ ಮಗುವಿಗೆ ಪೆಟ್ಟಾದರೂ ಚಿಕಿತ್ಸೆ ಉಂಟು.

ಬಂಧುಗಳೇ, ಇದು ಯಾರೋ ಕೈಯೆತ್ತಿ ಕೊಡುವ ದಾನವಲ್ಲ, ಹಕ್ಕು. ಆದರೆ ಈ ಹಕ್ಕು ಯಾರಿಗೆ? ಹಾಜರಿ ಪಟ್ಟಿಯಲ್ಲಿ, ನಾವು ಎನ್.ಎಂ.ಆರ್. ಅಂತೀವಲ್ಲ, ಅದರಲ್ಲಿ ಆ ದಿನ ಹೆಸರಿದ್ದವರಿಗೆ. ಅಣ್ಣನ ಹೆಸರಿನಲ್ಲಿ ತಮ್ಮ ಹೋಗುವುದು, ಅತ್ತೆಯ ಬದಲು ಸೊಸೆ ಹೋಗುವುದು ಹಳ್ಳಿಗಳಲ್ಲಿ ಹೊಸದಲ್ಲ. ಕೂಲಿ ಹೇಗೂ ಮನೆಗೇ ಬರುತ್ತದೆ ಅಂತ ಸುಮ್ಮನಿರುತ್ತೇವೆ. ಮಣ್ಣಿನ ದಡ ಕುಸಿದು ಆ ಸೊಸೆಯ ಕಾಲು ಮುರಿದರೆ? ಪಟ್ಟಿಯಲ್ಲಿ ಇರುವುದು ಅತ್ತೆ, ಆಸ್ಪತ್ರೆಯಲ್ಲಿ ಇರುವುದು ಸೊಸೆ! ಯಾವ ಅಧಿಕಾರಿ ತಾನೇ ಯಾವ ಕಾಗದಕ್ಕೆ ಸಹಿ ಹಾಕಿಯಾನು? ಒಂದು ದಿನದ ಕೂಲಿ ಉಳಿಸಲು ಹೋಗಿ ಜೀವಮಾನದ ಆಸರೆ ಕಳೆದುಕೊಂಡ ಹಾಗಾಗುತ್ತದೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ 125 ದಿನ ಕೆಲಸದ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಯಾವುದೇ ಇರಲಿ, ಎಷ್ಟು ದಿನ, ಎಷ್ಟು ಕೂಲಿ ಅಂತ ಕೇಳಿದ ಮೇಲೆ, ಪೆಟ್ಟಾದರೆ ಏನು ಅಂತಲೂ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು.

ಪಟ್ಟಣದ ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಹೋಗುವ ನಮ್ಮ ಮಕ್ಕಳಿಗೂ ಇದೇ ಮಾತು. 1961ರ ಅಪ್ರೆಂಟಿಸ್ ಕಾಯ್ದೆ ಅವರನ್ನು ಕೆಲಸಗಾರರೆಂದು ಕರೆಯುವುದಿಲ್ಲ, ಕಲಿಯುವವರೆಂದು ಕರೆಯುತ್ತದೆ. ಆದರೂ ತರಬೇತಿಯ ವೇಳೆ ಪೆಟ್ಟಾದರೆ ಪರಿಹಾರ ಮಾಲೀಕನ ಹೊಣೆ ಎಂದು ಅದರಲ್ಲೇ ಇದೆ. ಅಲ್ಲಿ ಹಾಜರಿ ಪಟ್ಟಿಯಂತೆ ಕಾಪಾಡುವುದು ಒಪ್ಪಂದ ಪತ್ರ. ಅದರ ಒಂದು ನಕಲು ಮನೆಯಲ್ಲಿರಲಿ.

ಇನ್ನು ನಮ್ಮ ಕೈಯಲ್ಲೇ ಇರುವ ಒಂದು ಉಪಾಯ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದವರು ಬ್ಯಾಂಕ್ ಇಲ್ಲವೇ ಅಂಚೆ ಖಾತೆಯ ಮೂಲಕ ಸೇರಬಹುದು. ವರ್ಷದ ಕಂತು ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ, ಎರಡೂ ಕಣ್ಣು ಅಥವಾ ಎರಡೂ ಕೈ, ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಕಾಯಿಲೆಯ ಸಾವಿಗೆ ಇದು ಬರುವುದಿಲ್ಲ. ಅದಕ್ಕೆ ಜೀವನ ಜ್ಯೋತಿ ಬಿಮಾ ಬೇರೆ ಇದೆ.

ಈ ವಿಮೆ ಜೂನ್ 1ರಿಂದ ಮುಂದಿನ ಮೇ 31ರವರೆಗೆ ಮಾತ್ರ. ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಮೇ ಕೊನೆಯಲ್ಲಿ ಖಾತೆ ಬರಿದಾಗಿದ್ದರೆ ವಿಮೆ ನಿಂತುಹೋಗುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ! ಇನ್ನೊಂದು ಮಾತು: ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು ಇಂಥವಕ್ಕೆ ಪೊಲೀಸ್ ದೂರು ಬೇಕು. ಹಾವು ಕಚ್ಚಿದರೆ, ಮರದಿಂದ ಬಿದ್ದರೆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ನಾಟಿ ಔಷಧಿ ಅಂತ ಎರಡು ದಿನ ಮನೆಯಲ್ಲಿಟ್ಟುಕೊಂಡರೆ ಜೀವಕ್ಕೂ ಅಪಾಯ, ಪರಿಹಾರಕ್ಕೂ ಸಂಚಕಾರ.

ಆದ್ದರಿಂದ ಬೆಳ್ಳಿ ಹಬ್ಬದ ನೆನಪಿಗೆ ನಾವೆಲ್ಲ ಮೂರು ಕೆಲಸ ಮಾಡೋಣ. ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟು, ಯಾರ ವಿಮೆ ಇದೆ, ನಾಮಿನಿ ಯಾರು ಅಂತ ಬರೆಯೋಣ. ಪ್ರತಿ ಮೇ ತಿಂಗಳು ಖಾತೆಯಲ್ಲಿ ಹಣ ಇಡಿ ಅಂತ ಡಂಗುರ ಹೊಡೆಸೋಣ. ಕೆಲಸದ ಜಾಗದಲ್ಲಿ ಯಾರಿಗಾದರೂ ಪೆಟ್ಟಾದರೆ ಅದೇ ದಿನ ಪಂಚಾಯ್ತಿಗೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಲು ಸಂಘದಿಂದ ಒಬ್ಬರು ಜೊತೆಗೆ ಹೋಗೋಣ.

ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು ಅನ್ನುವುದೇ ಸಹಕಾರ. ಅದು ಸಾಲದ ಪುಸ್ತಕದಲ್ಲಿ ಮಾತ್ರ ಉಳಿಯದೆ ಕಷ್ಟದ ದಿನವೂ ಕಾಣಿಸಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.